ಮಲ್ಲಿಗೆ ಕಟ್ಟಿದ ನಾಲ್ಕು ತಿಂಗಳು

ತಾರಸಿಯ ಮೇಲೆ ಹಳೆಯ ಪಂಚೆ ಹಾಸಿಕೊಂಡು ಅರಳು ಸಂಡಿಗೆ ಇಡುತ್ತಿದ್ದೆ. ಯುಗಾದಿ ಕಳೆದು ವಾರವಾಗಿತ್ತು. ಬಿಸಿಲು ಏರುವುದರೊಳಗೆ ಹಿಟ್ಟು ಮುಗಿಸಬೇಕು ಎಂಬ ಅವಸರದಲ್ಲಿದ್ದಾಗ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದರು.

"ರೀ, ಅರಕಲಗೂಡಿಂದ ಫೋನು. ನಿಮ್ಮ ನಾದಿನಿ. ಬೇಗ ಬನ್ನಿ, ಎಸ್‌ಟಿಡಿ ಓಡ್ತಾ ಇದೆ."

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದರೂ ಹೊಳೆನರಸೀಪುರದ ನಮ್ಮ ಬೀದಿಗೆಲ್ಲ ಆ ಮನೆಯ ಫೋನೇ ಗತಿ. ಕೈಗೆ ಮೆತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಓಡಿದೆ.

"ಅತ್ತಿಗೆ, ಮಗೂಗೆ ಹಾಲು ಬಿಡಿಸಿ ಹದಿನೈದು ದಿನ ಆಯ್ತು. ಎಡಗಡೆ ಒಂದು ಗಂಟು ನಿಂತುಬಿಟ್ಟಿದೆ. ಹಾಲುಗಂಟೇ ಇರಬೇಕು. ನೋವೇನೂ ಇಲ್ಲ. ಆದರೂ ಯಾಕೋ ಭಯ ಆಗ್ತಿದೆ."

"ನೋವಿಲ್ಲ ಅಂದ್ಮೇಲೆ ಯಾಕೆ ಹೆದರ್ತೀಯೇ? ನೋವಿದ್ದರೆ ತಾನೇ ಯೋಚನೆ? ಸಂಡಿಗೆ ಒಣಗಿಸಿ ನಾಡಿದ್ದು ಬರ್ತೀನಿ ಬಿಡು."

ಇದು ನಾನು ಆಡಿದ ಮೊದಲ ಮಾತು. ಅದನ್ನು ತಿದ್ದದೆ ಹಾಗೆಯೇ ಬರೆದಿದ್ದೇನೆ.

ನಮ್ಮ ಬಂಧುಬಳಗದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ನನ್ನನ್ನು ಕರೆಯುತ್ತಿದ್ದರು. ಎಣ್ಣೆ ನೀರು, ಪಥ್ಯ, ಮಗುವಿನ ಹೊಟ್ಟೆಗೆ ಬಜೆ ಎಲ್ಲ ನಾನೇ ನೋಡಿಕೊಳ್ಳುತ್ತಿದ್ದೆ. ಹಾಲು ಕಟ್ಟಿಕೊಂಡು ಎದೆ ಕಲ್ಲಾದವರಿಗೆ ನನ್ನ ಕೈ ಬಿದ್ದರೆ ಕರಗುತ್ತದೆ ಎಂದು ಹೆಸರಿತ್ತು. "ನಿಮ್ಮದು ಕೈಗುಣ ಕಣ್ರೀ" ಎಂದು ತಾಂಬೂಲ, ಒಂದು ರವಿಕೆ ಕಣ ಕೊಡುತ್ತಿದ್ದರು. ಕೈಗುಣ ದೇವರು ಕೊಟ್ಟದ್ದು ಎಂದೇ ನಾನು ನಂಬಿದ್ದೆ.

ಆ ಕೆಲಸದ ಕ್ರಮ ಇಷ್ಟೇ. ಹರಳೆಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಬಿಸಿ ಆರುವ ಮೊದಲೇ ಗಂಟಿನ ಮೇಲೆ ಇಡಬೇಕು. ಎಲೆ ತೆಗೆದ ಮೇಲೆ ಹೊರಗಿನಿಂದ ತೊಟ್ಟಿನ ಕಡೆಗೆ ಬೆರಳಿನ ತುದಿಯಲ್ಲಿ ಸುತ್ತಿ ಸುತ್ತಿ ನೀವಬೇಕು. ಮಗುವಿಗೆ ಹಾಲು ಬಿಡಿಸಿದವಳಾದರೆ ಕೊನೆಗೆ ಮಲ್ಲಿಗೆ ಕಟ್ಟಬೇಕು. ಒತ್ತಾಗಿ ಕಟ್ಟಿದ ದಂಡೆಯನ್ನು ಎದೆಗೆ ಸುತ್ತಿ, ಮೇಲೆ ಹಳೆಯ ಪಂಚೆಯ ತುಂಡು ಬಿಗಿದು, ಬೆಳಿಗ್ಗೆ ಸಂಜೆ ಹೂವು ಬದಲಿಸಬೇಕು. ಮಲ್ಲಿಗೆಯ ತಂಪಿಗೆ ಹಾಲು ಬತ್ತುತ್ತದೆ, ಹಾಲು ಬತ್ತಿದರೆ ಗಂಟು ತಾನಾಗಿ ಕರಗುತ್ತದೆ. ನಮ್ಮತ್ತೆ ನನಗೆ ಹೇಳಿಕೊಟ್ಟದ್ದು ಹೀಗೆ.

ಬಸ್‌ಸ್ಟ್ಯಾಂಡಿನಲ್ಲಿ ಹೂವಿನವಳ ಹತ್ತಿರ ಆರು ಮೊಳ ಕೇಳಿದೆ.

"ಇಷ್ಟೊಂದು ಯಾವ ದ್ಯಾವ್ರಿಗವ್ವಾ?" ಎಂದಳು.

"ದೇವರಿಗಲ್ಲ ಕಣವ್ವ. ಹಾಲು ಬತ್ತಿಸೋಕೆ."

"ಅಂಗಾರೆ ತಡೀರಿ, ಮೊಗ್ಗಿಂದೇ ಕೊಡ್ತೀನಿ. ಅರಳಿದ್ದು ಮೈ ಬಿಸಿಗೆ ಒಂದ್ ಗಳ್ಗೇನೂ ನಿಲ್ಲಾಕಿಲ್ಲ." ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು.

ನಾದಿನಿಗೆ ಆಗ ಮೂವತ್ತನಾಲ್ಕು. ಮಗಳಿಗೆ ಎಂಟು ವರ್ಷ, ಮಗನಿಗೆ ಒಂದೂವರೆ. ಅವಳ ಗಂಡ ಅಲ್ಲೇ ಹೈಸ್ಕೂಲಿನಲ್ಲಿ ಮೇಷ್ಟ್ರು. ಜೊತೆಗೆ ಅವಳ ಅತ್ತೆ, ಎಪ್ಪತ್ತು ದಾಟಿದ ಮಡಿ ಹೆಂಗಸು. ಬಾಗಿಲು ಹಾಕಿಕೊಂಡು ಅವಳನ್ನು ಮಲಗಿಸಿ ಮುಟ್ಟಿ ನೋಡಿದೆ. ಗಂಟು ಕಂಕುಳಿನ ಕಡೆಗೆ, ಮೇಲುಭಾಗದಲ್ಲಿ ಹುಣಿಸೆಬೀಜದಷ್ಟಿತ್ತು. ಹಾಲುಗಂಟು ಬೆರಳಿನಡಿ ಬೆಣ್ಣೆಯ ಹಾಗೆ ಜಾರುತ್ತದೆ, ಒತ್ತಿದರೆ ಬಾಣಂತಿ "ಅಮ್ಮಾ" ಎನ್ನುತ್ತಾಳೆ. ಇದು ಜಾರಲಿಲ್ಲ, ಅವಳು ಏನೂ ಅನ್ನಲೂ ಇಲ್ಲ. ಹಳೆಯ ಗಂಟು, ಗಟ್ಟಿಯಾಗಿದೆ, ಸ್ವಲ್ಪ ದಿನ ಹಿಡಿಯುತ್ತದೆ ಅಂದುಕೊಂಡೆ. ಎಲೆ ಕಟ್ಟಿದೆ, ನೀವಿದೆ, ಮಲ್ಲಿಗೆ ಸುತ್ತಿದೆ. ಅವಳು ನಗುತ್ತಾ, "ಮದುವೇಲೂ ಇಷ್ಟು ಹೂವು ಮುಡಿಸಿರಲಿಲ್ಲ ನೀವು" ಎಂದಳು.

ಅಂದಿನಿಂದ ಪ್ರತಿ ಶುಕ್ರವಾರ ಮನೆಯ ಪೂಜೆ ಮುಗಿಸಿ ಹೂವು ತೆಗೆದುಕೊಂಡು ಬಸ್ಸು ಹತ್ತುವುದು, ಮಾರನೆಯ ದಿನ ವಾಪಸಾಗುವುದು ನನ್ನ ವಾಡಿಕೆಯಾಯಿತು. ನಡುವಿನ ದಿನಗಳಲ್ಲಿ ಅವಳೇ ಕಟ್ಟಿಕೊಳ್ಳುತ್ತಿದ್ದಳು.

ಎರಡನೆಯ ತಿಂಗಳ ಹೊತ್ತಿಗೆ ಹಾಲು ಪೂರಾ ಬತ್ತಿತು, ಎರಡೂ ಕಡೆ ಎದೆ ಹಗುರಾಯಿತು. ಗಂಟು ಮಾತ್ರ ಅಲ್ಲೇ ಇತ್ತು. ಹಾಲೇ ಇಲ್ಲದ ಮೇಲೆ ಹಾಲುಗಂಟು ಎಲ್ಲಿಯದು? ಈ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ನೀವುತ್ತಿದ್ದ ಬೆರಳು ಅಲ್ಲಿಗೆ ಬಂದಾಗ ನಿಂತಿತು.

"ಹೇಗಿದೆ ಅತ್ತಿಗೆ?"

"ಕರಗ್ತಾ ಇದೆ."

ಯಾಕೆ ಹಾಗೆಂದೆ ಎಂದು ಕೇಳಿದರೆ ಇಷ್ಟು ವರ್ಷಗಳ ಮೇಲೂ ನೆಟ್ಟಗೆ ಉತ್ತರ ಹೇಳಲಾರೆ. ಅವಳ ಮುಖ ನೋಡಿ ಹೇಳಿದೆ ಎನ್ನಬಹುದು. ನನ್ನ ಕೈಗುಣ ಸುಳ್ಳಾಗಬಾರದು ಎಂದು ಹೇಳಿದೆ ಎಂದರೆ ಅದೂ ನಿಜವೇ. ಬಾಗಿಲ ಹೊರಗಿನಿಂದ ಅವಳ ಅತ್ತೆ, "ಎರಡು ಮಕ್ಕಳಿಗೆ ಹಾಲು ಕೊಟ್ಟ ಎದೆಗೆ ಎಂಥ ಕೆಟ್ಟ ರೋಗ ಬರುತ್ತೇ? ಅದೆಲ್ಲ ಹೆರದೇ ಇದ್ದೋರಿಗೆ, ವಯಸ್ಸಾದೋರಿಗೆ" ಎಂದರು. ನಮ್ಮ ಕಡೆಯ ಹೆಂಗಸರಲ್ಲಿ ಯಾರಿಗೂ ಆ ಕಾಯಿಲೆ ಇರಲಿಲ್ಲ ಎಂದು ನಾನೂ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ.

ಆಷಾಢದಲ್ಲಿ ಒಂದು ಸಲ ಅವರ ಮನೆಯ ತಾಂಬೂಲದ ತಟ್ಟೆಯಿಂದ ಒಂದು ಅಡಿಕೆ ತೆಗೆದುಕೊಂಡು ಬೆರಳಿನಲ್ಲಿ ಹಿಡಿದು ನೋಡಿದೆ. ಮೊದಲು ಹುಣಿಸೆಬೀಜದಷ್ಟಿದ್ದ ಗಂಟು ಈಗ ಇಷ್ಟಾಗಿತ್ತು. ಅಡಿಕೆಯನ್ನು ತಟ್ಟೆಯಲ್ಲಿಟ್ಟು ಬಸ್ಸಿಗೆ ಬಂದುಬಿಟ್ಟೆ. ಆ ವಾರವೆಲ್ಲ ನರಸಿಂಹಸ್ವಾಮಿಯ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕಿದೆ. ಒಬ್ಬ ಡಾಕ್ಟರನ್ನು ಮಾತ್ರ ಕೇಳಲಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಹಿಂದಿನ ದಿನವೇ ಹೋಗಿದ್ದರಿಂದ ಬೆಳಿಗ್ಗೆ ಅಲ್ಲೇ ಇದ್ದೆ. ನಾದಿನಿ ಸ್ನಾನ ಮಾಡಿ, ರವಿಕೆಯಿಲ್ಲದೆ ಮಡಿಸೀರೆ ಉಟ್ಟು, ದೇವರ ಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಲು ಮಣೆ ಹತ್ತಿ ಎರಡೂ ಕೈ ಮೇಲೆತ್ತಿದಳು. ಸೆರಗು ಸರಿಯಿತು. ನಾನು ಕೆಳಗೆ ತೋರಣ ಹಿಡಿದು ನಿಂತಿದ್ದೆ. ಕಲಸಿದ ಹಿಟ್ಟಿಗೆ ಹೆಬ್ಬೆರಳು ಒತ್ತಿ ತೆಗೆದ ಹಾಗೆ ಅವಳ ಎಡ ಎದೆಯ ಚರ್ಮ ಒಂದು ಕಡೆ ಒಳಕ್ಕೆ ಎಳೆದುಕೊಂಡಿತ್ತು. ಕೈ ಇಳಿಸಿದಾಗ ಮಾಯವಾಯಿತು. ಮತ್ತೆ ಎತ್ತಿದಾಗ ಮತ್ತೆ ಗುಳಿ.

ಪೂಜೆ ಮುಗಿಯುವ ತನಕ ಸುಮ್ಮನಿದ್ದೆ. ಲಕ್ಷ್ಮಿಯ ಮುಖ ನೋಡುವುದಕ್ಕಾಗಲಿಲ್ಲ. ಕಳಶಕ್ಕೆ ಮುಡಿಸಿದ್ದೂ ನಾನು ತಂದ ಮಲ್ಲಿಗೆಯೇ. ಮಂಗಳಾರತಿಯಾದ ಮೇಲೆ, ಊಟಕ್ಕೆ ಎಲೆ ಹಾಕುವುದಕ್ಕೆ ಮುಂಚೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರೆದುರು ಹೇಳಿದೆ.

"ಆ ಗಂಟು ಕರಗಿಲ್ಲ. ಒಂದು ದಿನಾನೂ ಕರಗಿಲ್ಲ. ದೊಡ್ಡದಾಗಿದೆ. ನಾನು ಸುಳ್ಳು ಹೇಳ್ತಿದ್ದೆ. ನಾಳೆ ಹಾಸನಕ್ಕೆ ಹೋಗಿ ತೋರಿಸಬೇಕು."

ಮೇಷ್ಟ್ರು ಕೈಯಲ್ಲಿದ್ದ ಪ್ರಸಾದವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. "ಏನಕ್ಕ ಇದು? ನೀವೇ ಪ್ರತಿ ವಾರ..." ಎಂದು ನಿಲ್ಲಿಸಿದರು.

ಅವಳ ಅತ್ತೆ ಸುಮ್ಮನಿರಲಿಲ್ಲ. "ಹಬ್ಬದ ದಿನ ಎಂಥ ಮಾತಮ್ಮ ಆಡ್ತೀಯ? ಚನ್ನರಾಯಪಟ್ಟಣದಲ್ಲಿ ನನ್ನ ತಂಗಿಗೆ ಹೀಗೇ ಗಂಟು. ಚೆನ್ನಾಗೇ ಓಡಾಡಿಕೊಂಡಿದ್ದಳು. ಕತ್ತಿ ಮುಟ್ಟಿಸಿದರು ನೋಡು, ಕೆರಳಿಬಿಡ್ತು. ಆರೇ ತಿಂಗಳಿಗೆ ಹೋದಳು. ಮಲ್ಲಿಪಟ್ಟಣದಲ್ಲಿ ಒಬ್ಬರು ಎಲೆಮದ್ದು ಕೊಡ್ತಾರಂತೆ. ಅಲ್ಲಿಗೆ ಹೋಗಲಿ. ಸೂಜಿ ಗೀಜಿ ಬೇಡ."

"ನಾಲ್ಕು ತಿಂಗಳು ಎಲೆ ಕಟ್ಟಿದ್ದು ನಾನೇ ಅಲ್ವೇ ಅಮ್ಮ? ಇನ್ನೊಬ್ಬರ ಎಲೆ ಬೇಡ."

ನಾದಿನಿ ಮಡಿಸೀರೆಯಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. "ನಾನು ಅತ್ತಿಗೆ ಜೊತೆ ಹೋಗ್ತೀನಿ" ಎಂದಳು. ಅಷ್ಟೇ. ಅಂದು ಒಬ್ಬಟ್ಟು ಯಾರಿಗೂ ಸೇರಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಸರ್ಜನ್ ಹೆಂಗಸಾಗಿದ್ದರು. ಅದನ್ನು ನಾನು ದೇವರ ಮೊದಲ ದಯೆ ಎಂದು ಎಣಿಸಿದೆ. ಗಂಡಸಿನ ಎದುರು ಸೆರಗು ತೆಗೆಯಬೇಕಾಗುತ್ತದೆ ಎಂದು ನಾದಿನಿ ದಾರಿಯುದ್ದಕ್ಕೂ ಸೆರಗನ್ನು ಬಿಗಿಹಿಡಿದೇ ಕುಳಿತಿದ್ದಳು. ಡಾಕ್ಟರಮ್ಮ ಎರಡೂ ಕಡೆ ನೋಡಿದರು, ಕೈ ಎತ್ತಿಸಿ ನೋಡಿದರು, ಕಂಕುಳಲ್ಲಿ ಬಹಳ ಹೊತ್ತು ಬೆರಳಿಟ್ಟರು. ಆಮೇಲೆ ಕೈ ತೊಳೆದು ಬಂದು, "ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಮೇಷ್ಟ್ರು, "ಒಂದು ತಿಂಗಳು ಇರಬಹುದು ಮೇಡಂ" ಎಂದರು. ಅವರು ನನ್ನ ಮರ್ಯಾದೆ ಉಳಿಸಲು ಹಾಗೆಂದದ್ದು.

"ನಾಲ್ಕು ತಿಂಗಳು ಮೇಡಂ" ಎಂದೆ. "ಹಾಲುಗಂಟು ಅಂತ ಎಲೆ, ಮಲ್ಲಿಗೆ ಕಟ್ಟಿದೋಳು ನಾನೇ. ನೋವಿರಲಿಲ್ಲ ಅಂತ..."

"ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಕಣಮ್ಮ. ಇದು ಶುರುವಾದಾಗ ಸಾಮಾನ್ಯವಾಗಿ ನೋಯೋದಿಲ್ಲ." ಬೈಯಲಿಲ್ಲ. ಚೀಟಿ ಬರೆದರು.

ಸಣ್ಣ ಸೂಜಿ ಹಾಕಿ ಗಂಟಿನಿಂದ ಒಂದಿಷ್ಟು ತೆಗೆದು ಗಾಜಿನ ಮೇಲೆ ಸವರಿ ಕಳಿಸಿದರು. ಸೂಜಿ ಮುಟ್ಟಿಸಿದರೆ ಹರಡುವುದಿಲ್ಲವೇ ಎಂದು ಮೇಷ್ಟ್ರು ಕೇಳಿದರು. ಚನ್ನರಾಯಪಟ್ಟಣದ ಕಥೆಯನ್ನೂ ಹೇಳಿದರು. ಡಾಕ್ಟರಮ್ಮ ಕನ್ನಡಕ ತೆಗೆದು, "ಹುಣ್ಣಾಗಿ ಸೋರೋ ಹೊತ್ತಿಗೆ ಬರ್ತಾರೆ ಮೇಷ್ಟ್ರೇ. ಆಗಲೇ ಮೈಯೆಲ್ಲ ಹರಡಿರುತ್ತೆ. ಆಮೇಲೆ ಜೀವ ಹೋದರೆ ಕತ್ತಿಯ ಹೆಸರು ಹೇಳ್ತಾರೆ" ಎಂದರು.

ನಾಲ್ಕು ದಿನ ಬಿಟ್ಟು ಬಂದ ರಿಪೋರ್ಟಿನಲ್ಲಿ ನಮ್ಮ ಭಯವೇ ಇತ್ತು. ಅದರ ಮುಂದಿನ ವಾರ ಆಪರೇಷನ್ ಮಾಡಿ ಎಡ ಎದೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು.

ಹನ್ನೊಂದು ದಿನ ಆಸ್ಪತ್ರೆಯಲ್ಲಿ ನಾನೇ ಇದ್ದೆ. ಗಾಯದಿಂದ ಒಂದು ನಳಿಗೆ ಹೊರಬಂದು ಮಂಚದ ಪಕ್ಕದ ಬಾಟಲಿಗೆ ಇಳಿಯುತ್ತಿತ್ತು. ನೀರು ಕಟ್ಟಬಾರದೆಂದು ನಳಿಗೆಯನ್ನು ಮೇಲೆ ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಕೈಯಿಂದ ಬಾಟಲಿಯ ಕಡೆಗೆ ಹಿಂಡುವುದನ್ನು ನರ್ಸಮ್ಮ ಕಲಿಸಿದರು. "ಪರವಾಗಿಲ್ಲ, ನಿಮಗೆ ಬೆರಳಿನ ಕೆಲಸ ಬರುತ್ತೆ" ಎಂದರು. ಆ ಮಾತಿಗೆ ನಾನು ಗೋಡೆಯ ಕಡೆ ತಿರುಗಿಕೊಂಡೆ. ಬೆಳಿಗ್ಗೆ ಸಂಜೆ ಬಾಟಲಿಯ ಗೆರೆ ನೋಡಿ ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಮೊದಮೊದಲು ಕೆಂಪು, ಆಮೇಲೆ ತಿಳಿ ಸಾರಿನ ಬಣ್ಣ. ನೂರೈವತ್ತು, ನೂರು, ಎಪ್ಪತ್ತು. ಮೂವತ್ತಕ್ಕಿಂತ ಕೆಳಗಿಳಿದರೆ ನಳಿಗೆ ತೆಗೆಯುತ್ತೇವೆ ಎಂದಿದ್ದರು. ಇಪ್ಪತ್ತೈದು ಬಂದ ದಿನ ಅಲ್ಲೇ ನಿಂತು ನರಸಿಂಹನಿಗೆ ಕೈ ಮುಗಿದೆ. ಕಿಟಕಿಯ ಪಕ್ಕದ ಮಂಚ ಸಿಕ್ಕಿದ್ದು, ಜ್ವರ ಬರದೇ ಇದ್ದದ್ದು, ಇವೆಲ್ಲವನ್ನೂ ದಯೆಯೆಂದೇ ಎಣಿಸಿಕೊಂಡೆ. ಬೇರೆ ಏನು ಹಿಡಿದುಕೊಳ್ಳಲಿ?

ಡಾಕ್ಟರಮ್ಮ ಒಬ್ಬರೇ ಸಿಕ್ಕಾಗ ಹಬ್ಬದ ದಿನದ ತನಕ ನಡೆದದ್ದೆಲ್ಲ ಹೇಳಿ ಕೇಳಿದೆ. "ಬಿಸಿ ಎಲೆ ಕಟ್ಟಿದ್ದಕ್ಕೆ ಬಂತಾ ಮೇಡಂ?"

"ಇಲ್ಲಮ್ಮ. ಎಲೆಯಿಂದ, ಹೂವಿನಿಂದ ಬರೋದಿಲ್ಲ. ಅದರಿಂದ ಹೋಗೋದೂ ಇಲ್ಲ."

"ಯುಗಾದಿಗೇ ಕರ್ಕೊಂಡು ಬಂದಿದ್ದರೆ?"

ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. "ಬೇಗ ಬಂದಷ್ಟೂ ಒಳ್ಳೆಯದು. ಕಂಕುಳಿಗೆ ಯಾವಾಗ ಬಂತು ಅಂತ ಈಗ ಯಾರೂ ಹೇಳೋಕಾಗಲ್ಲ. ನೀವು ಹಬ್ಬದ ದಿನ ಬಾಯಿ ಬಿಟ್ಟಿರಲ್ಲ, ಅದನ್ನ ನೆನೆಸಿಕೊಳ್ಳಿ."

ನೆನೆಸಿಕೊಳ್ಳುತ್ತೇನೆ. ಅದಕ್ಕಿಂತ ಮುಂಚಿನ ಶುಕ್ರವಾರಗಳೇ ಹೆಚ್ಚು ನೆನಪಾಗುತ್ತವೆ.

ಹೊಲಿಗೆ ಬಿಚ್ಚುವ ಹಿಂದಿನ ದಿನ ನಾದಿನಿಗೆ ತಲೆ ಬಾಚುತ್ತಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತಾ, "ಅತ್ತಿಗೆ, ನಿಮಗೆ ಗೊತ್ತಿತ್ತು ಅಲ್ವಾ?" ಎಂದಳು.

ಬಾಚಣಿಗೆ ಕೂದಲಲ್ಲೇ ನಿಂತಿತು.

"ನೀವುವಾಗ ನಿಮ್ಮ ಬೆರಳು ಅಲ್ಲಿಗೆ ಬಂದು ನಿಲ್ತಿತ್ತು. ಪ್ರತಿ ಸಲ. ನನಗೂ ಗೊತ್ತಾಗಿತ್ತು. ನೀವು ಕರಗ್ತಿದೆ ಅಂದಾಗ ಒಂದು ವಾರ ನೆಮ್ಮದಿಯಾಗಿರ್ತಿದ್ದೆ. ಅದಕ್ಕೇ ಕೇಳ್ತಿದ್ದೆ."

ಜಡೆ ಹಾಕಿ ಮುಗಿಸಿದೆ.

ಅರಕಲಗೂಡಿಗೆ ಕರೆದುಕೊಂಡು ಹೋದ ದಿನ ಅವಳ ಅತ್ತೆ ನಡುಮನೆಯ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಲೋಟ ಇಟ್ಟಿದ್ದರು. "ಅಂಟೋ ರೋಗವೋ ಏನೋ, ಮಕ್ಕಳಿರೋ ಮನೆ" ಎಂದರು. ಅವರೂ ಕೆಟ್ಟವರಲ್ಲ, ಹೆದರಿದ್ದರು. ಮಗ ಅಮ್ಮನ ಕಡೆಗೆ ಓಡಿಬಂದವನನ್ನು ತಡೆದು ಎತ್ತಿಕೊಂಡರು. ನಾದಿನಿ ಅರ್ಧ ಕುಡಿದು ಇಟ್ಟ ಕಾಫಿ ಅಲ್ಲೇ ಇತ್ತು. ನಮ್ಮಲ್ಲಿ ಗಂಡನದನ್ನು ಬಿಟ್ಟರೆ ಯಾರ ಎಂಜಲನ್ನೂ ಮುಟ್ಟುವ ಪದ್ಧತಿಯಿಲ್ಲ. ನಾನು ಆ ಲೋಟ ಎತ್ತಿ, ಕಚ್ಚಿಯೇ ಕುಡಿದೆ, ತಳದ ಚರಟದ ತನಕ.

"ಅಯ್ಯೋ, ನಿನ್ನ ಮಡಿ ಏನಾಯ್ತೇ?" ಎಂದರು ಅವರು.

"ಮಡಿ ನಾಳೆ ಸ್ನಾನ ಮಾಡಿದರೆ ಬರುತ್ತಮ್ಮ. ಮಗೂನ ಬಿಡಿ."

ಬಿಟ್ಟರು. ಅದೂ ಒಂದು ದಯೆ.

ಮುಂದೆ ಮೂರು ವಾರಕ್ಕೊಂದರಂತೆ ಆರು ಸಲ ಮೈಸೂರಿಗೆ ಹೋಗಿ ಡ್ರಿಪ್ಪಿನಲ್ಲಿ ಔಷಧ ಹಾಕಿಸಿಕೊಂಡು ಬಂದೆವು. ಬಸ್ಸಿನಲ್ಲಿ ವಾಂತಿಗೆ ಚೀಲ, ನಿಂಬೆಹಣ್ಣು, ಗಂಜಿಯ ಫ್ಲಾಸ್ಕು ಹಿಡಿದುಕೊಳ್ಳುತ್ತಿದ್ದೆ. ಆ ಎಡಗೈಗೆ ಸೂಜಿ ಚುಚ್ಚಿಸಬಾರದು, ಬಿಗಿ ಬಳೆ ಬೇಡ, ಕೊಡ ಎತ್ತಬಾರದು. ಎರಡನೆಯ ಸಲಕ್ಕೆ ಜಡೆ ದಿಂಬಿನ ಮೇಲೇ ಉಳಿಯಿತು. ಭುಜ ಹಿಡಿದುಕೊಳ್ಳಬಾರದೆಂದು ದಿನವೂ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲೆ ಮೇಲೆ ಹತ್ತಿಸಬೇಕು. ಎಲ್ಲಿಯ ತನಕ ಹೋಯಿತೋ ಅಲ್ಲಿ ಕುಂಕುಮದಿಂದ ಗುರುತಿಡುತ್ತಿದ್ದೆ. ಮಗಳು ಪಕ್ಕದಲ್ಲಿ ನಿಂತು, "ಅಮ್ಮ, ಇವತ್ತು ಸ್ವಿಚ್ಚು ಮುಟ್ಟಿದೆ" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಪುಷ್ಯ ಮಾಸದ ಹೊತ್ತಿಗೆ ಕೈ ಬಾಗಿಲ ಮೇಲುಪಟ್ಟಿಯನ್ನು ಮುಟ್ಟಿತು. ತೋರಣ ಕಟ್ಟುವ ಜಾಗ ಅದೇ.

ನಾದಿನಿ ಆಮೇಲೆ ಆರು ವರ್ಷ ಇದ್ದಳು. ಮಗನನ್ನು ಸ್ಕೂಲಿಗೆ ಸೇರಿಸಿದಳು, ಅವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದಳು, ಮಗಳು ದೊಡ್ಡವಳಾದಾಗ ಆರತಿ ಎತ್ತಿದಳು. ಆಮೇಲೆ ಅದು ಬೆನ್ನುಮೂಳೆಗೆ ಬಂತು. ಆರು ವರ್ಷ ಕಡಿಮೆಯಲ್ಲ ಎಂದು ದೇವರ ಮುಂದೆ ದಿನವೂ ಹೇಳುತ್ತೇನೆ. ಆ ನಾಲ್ಕು ತಿಂಗಳನ್ನು ಅದಕ್ಕೆ ಕೂಡಿಸಿದ್ದರೆ ಎಷ್ಟಾಗುತ್ತಿತ್ತು ಎಂಬುದಕ್ಕೆ ದೇವರೂ ಉತ್ತರ ಹೇಳಿಲ್ಲ. ನಮ್ಮ ದೇವರ ಮನೆಗೆ ಈಗ ಸೇವಂತಿಗೆ, ಕಣಗಿಲೆ ಮಾತ್ರ. ಮದುವೆಮನೆಯಲ್ಲಿ ಯಾರಾದರೂ ಮಲ್ಲಿಗೆ ಮುಡಿಸಲು ಬಂದರೆ ತಲೆನೋವು ಎಂದು ಹೇಳುತ್ತೇನೆ. ಮೈ ಬಿಸಿಗೆ ಬಾಡಿದ ಮಲ್ಲಿಗೆಗೆ ಒಂದು ವಾಸನೆಯಿದೆ. ಅದು ನನ್ನ ಬೆರಳಿನಿಂದ ಹೋಗಿಲ್ಲ.

ಆ ಮೊದಲ ಪುಷ್ಯದ ಒಂದು ದಿನವನ್ನು ಹೇಳಿ ಮುಗಿಸುತ್ತೇನೆ. ಮೈಸೂರಿನ ಕೊನೆಯ ಡ್ರಿಪ್ಪು ಮುಗಿದು ನಾನು ಊರಿಗೆ ಬಂದಿದ್ದೆ. ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಜಗಲಿಯ ಮೇಲೆ ಕುಳಿತು ಹಿದುಕುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹೂವಿನವಳು ಬುಟ್ಟಿ ಹೊತ್ತು ನಮ್ಮ ಬೀದಿಗೆ ಬಂದವಳು ನನ್ನನ್ನು ಕಂಡು ನಿಂತಳು.

"ಅವ್ವಾ, ಎಲ್ಲೋಗ್ಬುಟ್ಟಿದ್ರಿ? ಮಕ ಕಂಡು ಎಷ್ಟ್ ದಿನ ಆಯ್ತು! ಅರ್ಕಲ್ಗೂಡ್ ಅಮ್ಮಂಗೆ ಹಾಲು ಬತ್ತಿತಾ?"

ಬತ್ತಿತು ಎಂದುಬಿಟ್ಟಿದ್ದರೆ ಅವಳು ಸುಮ್ಮನೆ ಹೋಗುತ್ತಿದ್ದಳು. ಅದು ಸುಳ್ಳೂ ಆಗುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು, "ಕರಗ್ತಾ ಇದೆ" ಬಂದ ಹಾಗೆಯೇ.

"ಅದು ಹಾಲಲ್ಲ ಕಣವ್ವ" ಎಂದೆ. ಎಲ್ಲವನ್ನೂ ಹೇಳಿದೆ. ಅವಳು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಳಿತಳು.

"ನನ್ ಹೂವ್ನೇ ಕಟ್ಟಿದ್ರಲ್ಲವ್ವಾ" ಎಂದು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಬೀದಿಯ ಕೊನೆಗೆ ಕೈ ತೋರಿಸಿ, "ಅಂಗಾರೆ ಒಂದ್ ಮಾತವ್ವಾ. ಇದೇ ಬೀದಿ ಆ ಮೂಲೆ ಮನೇಲಿ ಒಬ್ಳು ಸೊಸೆ ಔಳೆ. ದೀಪಾವಳಿಯಿಂದ ತಕೊತಾ ಔರೆ. ಮಲ್ಗೆ ಸಿಗ್ದಿದ್ರೆ ಕಾಕ್ಡನಾದ್ರೂ ಕೊಡು ಅಂತಾರೆ. ಅದ್ಕೇ, ಎದೆ ಗಂಟ್ಗೇ ಅಂತೆ" ಎಂದಳು.

ಯಾವ ಮನೆಯಲ್ಲಿ ಯಾರು ಏನಕ್ಕೆ ಹೂವು ಕಟ್ಟುತ್ತಾರೆ ಎಂಬುದು ಹೂವಿನವಳಿಗೆ ಗೊತ್ತಿರುವಷ್ಟು ಯಾವ ಡಾಕ್ಟರಿಗೂ ಗೊತ್ತಿರುವುದಿಲ್ಲ. ನಾನು ಕೈ ತೊಳೆದುಕೊಂಡು ಎದ್ದು ಅವಳ ಜೊತೆಯಲ್ಲೇ ಹೋದೆ.

ಆ ಮನೆಯ ಅತ್ತೆ ಸಂತೋಷಪಟ್ಟರು. "ನೀವೇ ಬಂದಿರಲ್ಲ, ಒಂದು ಸಲ ನೀವಿಬಿಡಿ. ನಿಮ್ಮ ಕೈಗುಣ."

"ನಾನು ಮುಟ್ಟೋದಿಲ್ಲ. ನಾಳೆ ಹಾಸನಕ್ಕೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ."

"ಅವಳಿಗೆ ನೋವೇ ಇಲ್ಲವಲ್ರೀ?"

"ನೋವಿಲ್ಲ ಅಂತಲೇ ಹೇಳ್ತಿರೋದು. ಎರಡು ವಾರದಲ್ಲಿ ಕರಗದೇ ಇದ್ದದ್ದು ಎರಡು ತಿಂಗಳಿಗೂ ಕರಗೋದಿಲ್ಲ. ನನ್ನ ಕೈಯಾರೆ ನೋಡಿದ್ದೀನಿ."

ತೋರಿಸಿದರಂತೆ. ಬರೀ ಹಾಲುಗಂಟೇ ಆಗಿತ್ತಂತೆ. ಸುಮ್ಮನೆ ಹೆದರಿಸಿದಳು, ಬಸ್ಸಿನ ಖರ್ಚು ದಂಡ ಎಂದು ಆ ಮನೆಯ ಅತ್ತೆ ಬಹಳ ವರ್ಷ ನನ್ನನ್ನು ಮಾತಾಡಿಸಲಿಲ್ಲ. ನಾನು ಎಣಿಸಿಕೊಂಡ ದಯೆಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದು.

ಅಂದು ಅವರ ಮನೆಯಿಂದ ಹಿಂತಿರುಗಿ ಬಂದಾಗ ಜಗಲಿಯ ಮೇಲೆ ಅವರೆಕಾಳು ಹಾಗೆಯೇ ಇತ್ತು. ಸಾರಿಗೆ ಹೊತ್ತಾಗುತ್ತಿತ್ತು. ಕುಳಿತು ಒಂದೊಂದಾಗಿ ಬೆರಳಿನಲ್ಲಿ ಒತ್ತಿದೆ. ಬೇಳೆ ಸಿಪ್ಪೆಯಿಂದ ಜಾರಿ ಪಾತ್ರೆಗೆ ಬೀಳುತ್ತಿತ್ತು. ನಡುವೆ ಒಂದು ನೆನೆಯದೇ ಉಳಿದ ಕಾಳು ಸಿಕ್ಕಿತು. ಒತ್ತಿದರೆ ಜಾರಲಿಲ್ಲ. ಬೆರಳು ನಿಂತಿತು. ಅದನ್ನು ತೆಗೆದು ಪಕ್ಕಕ್ಕಿಟ್ಟು, ಮುಂದಿನ ಕಾಳಿಗೆ ಕೈ ಹಾಕಿದೆ.